ಕತ್ತಲೆಕೋಣೆಯಲ್ಲಿ ಹಾಕಿದ ‘ಪ್ರಿಂಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಮುಂಬಯಿಯ ಮಾಟುಂಗದಲ್ಲಿ ನಾವು ಐದು ಮಂದಿ ಸೇರಿ, ಮಳೆಗಾಲ ಕಳೆದ ಮೇಲೆ ಒಂದು ಸಣ್ಣ ಪ್ರದರ್ಶನ ಏರ್ಪಡಿಸಬೇಕೆಂದಿದ್ದೇವೆ. ಫಿಲಂ ಕ್ಯಾಮೆರಾದಲ್ಲಿ ತೆಗೆದು, ಕತ್ತಲೆಕೋಣೆಯಲ್ಲಿ ನಾವೇ ಪ್ರಿಂಟ್ ಹಾಕಿದ 30 ಕಪ್ಪು-ಬಿಳುಪು ಚಿತ್ರಗಳು. ಸಭಾಂಗಣ ಸಿಕ್ಕಿತು, ಚೌಕಟ್ಟಿನವನೂ ಒಪ್ಪಿಕೊಂಡ. ತಕರಾರು ಎದ್ದದ್ದು ಚಿತ್ರದ ಕೆಳಗೆ ಅಂಟಿಸುವ ಚೀಟಿಯಲ್ಲಿ. ಮರಾಠಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ಇರಲಿ ಎಂದು ಹೊರಟೆವು. ಮೊದಲೆರಡು ಅರ್ಧ ಗಂಟೆಯಲ್ಲಿ ಮುಗಿದವು. ಕನ್ನಡಕ್ಕೆ ಇದು ಎರಡನೆಯ ವಾರ.

ಬಣ್ಣದ ಮಾತು ಬೇಗ ಮುಗಿಯಿತು. ಮರಾಠಿಯವರು ‘ಕೃಷ್ಣಧವಲ’ ಎನ್ನುತ್ತಾರೆ. ಅದನ್ನೇ ‘ಕೃಷ್ಣಧವಳ’ ಎಂದು ತಂದುಕೊಂಡರೆ ಹೇಗೆ ಎಂದು ನಮ್ಮಲ್ಲೊಬ್ಬರು ಕೇಳಿದರು. ಕೇಳಲು ಸೊಗಸೇ, ಆದರೆ ಇಲ್ಲಿನ ಕರಾವಳಿಯವರು ಯಾವುದೋ ಯಕ್ಷಗಾನ ಪ್ರಸಂಗವೆಂದು ಚಾಪೆ ಹಿಡಿದು ಬಂದಾರು. ‘ಕಪ್ಪು-ಬಿಳಿ’ ನನಗೆ ಹೊಂದದ ಜೋಡಿ. ಕರಿಗೆ ಬಿಳಿ ಜೊತೆ, ಕರಿಹಲಗೆ, ಬಿಳಿಹಾಳೆ ಎಂಬಂತೆ. ಹಳಗನ್ನಡದ ‘ಕರ್ಪು’ ಕಪ್ಪಾಯಿತಲ್ಲ, ಅದೇ ‘ಪು’ ಹೊತ್ತು ನಿಂತಿರುವುದು ‘ಬಿಳುಪು’. ಹಾಗಾಗಿ ಕಪ್ಪು-ಬಿಳುಪು ಎಂದೇ ನಿರ್ಧಾರವಾಯಿತು.

ಸಿಕ್ಕಿಬಿದ್ದಿರುವುದು ‘ಪ್ರಿಂಟ್’ ಎಂಬಲ್ಲಿ. ಆಹ್ವಾನಪತ್ರಿಕೆಯ ಮೊದಲ ಕರಡಿನಲ್ಲಿ ‘ಛಾಯಾಚಿತ್ರ ಮುದ್ರಣಗಳ ಪ್ರದರ್ಶನ’ ಎಂದು ಬರೆದಿದ್ದೆ. ಅದನ್ನು ಓದಿದ ಹಿರಿಯರೊಬ್ಬರು, “ಯಂತ್ರಗಳನ್ನೂ ತರಿಸುತ್ತೀರೋ?” ಎಂದರು. ‘ಪ್ರತಿ’ ಎಂದು ಬದಲಿಸಿದೆ. ಸ್ಟುಡಿಯೊದಲ್ಲಿ “ನಾಲ್ಕು ಕಾಪಿ ಹಾಕಿ” ಎನ್ನುವ ರೂಢಿ ಇದೆಯಲ್ಲ, ಅದರ ಕನ್ನಡವೇ ಇದು. ಆದರೆ ಪ್ರತಿ ಎಂದೊಡನೆ ಮೂಲ ಬೇರೆಲ್ಲೋ ಇದೆ, ಇದು ನಕಲು ಎಂಬ ಅರ್ಥ ಬರುತ್ತದೆ. ಇಲ್ಲಿ ಹಾಗಲ್ಲ. ದಾದರ್ ಹೂವಿನ ಮಾರುಕಟ್ಟೆಯ ಒಂದು ಚಿತ್ರವಿದೆ. ಚೆಂಡುಹೂವಿನ ಬುಟ್ಟಿ ಹೊತ್ತವನ ಮುಖ ಬುಟ್ಟಿಯ ನೆರಳಿನಲ್ಲಿ ಮುಳುಗಿಹೋಗಿತ್ತು. ಫಿಲಂನ ಚಿತ್ರವನ್ನು ಹಿಗ್ಗಿಸಿ ಬೀಳಿಸುವ ಎನ್‌ಲಾರ್ಜರಿನ ಬೆಳಕು ಕಾಗದದ ಮೇಲೆ ಬೀಳುತ್ತಿರುವಾಗ ಮುಖದ ಜಾಗಕ್ಕೆ ಮೂರು ಸೆಕೆಂಡು ಬೆರಳು ಅಡ್ಡ ಹಿಡಿದು, ಅಲ್ಲಾಡಿಸುತ್ತ, ಅಷ್ಟನ್ನು ತಿಳಿಯಾಗಿಸಿದೆ. ಒಂದೇ ನೆಗೆಟಿವ್‌ನಿಂದ, ಎಂದರೆ ಕಪ್ಪು-ಬಿಳುಪು ಅದಲುಬದಲಾಗಿರುವ ಫಿಲಂನಿಂದ, ಆರು ಹಾಕಿದೆ, ಆರರಲ್ಲೂ ಆ ಮುಖ ಆರು ಬಗೆ. ಇವುಗಳಲ್ಲಿ ಯಾವುದು ಯಾವುದರ ನಕಲು?

‘ಅಚ್ಚು’ ಚಿಕ್ಕದು, ಚೊಕ್ಕ. ಆದರೆ ಬೆಲ್ಲದ ಅಚ್ಚಿರಲಿ, ಅಚ್ಚುಮೊಳೆಯಿರಲಿ, ಅಲ್ಲೆಲ್ಲ ಎರೆಯುವುದೋ ಒತ್ತುವುದೋ ಇದೆ. ಇಲ್ಲಿ ಕಾಗದವನ್ನು ಯಾವುದೂ ಒತ್ತುವುದಿಲ್ಲ, ಬೆಳಕು ಬೀಳುತ್ತದೆ ಅಷ್ಟೆ. ಬೆಳಕು ಬಿದ್ದ ಮೇಲೂ ಕಾಗದ ಖಾಲಿಯಾಗಿಯೇ ಕಾಣುತ್ತದೆ. ಕೆಂಪು ದೀಪದಡಿ ಅದನ್ನು ಚಿತ್ರ ಮೂಡಿಸುವ ದ್ರಾವಣದ, ಅಂದರೆ ಡೆವಲಪರ್, ತಟ್ಟೆಗೆ ಜಾರಿಸಿ ತೂಗುತ್ತಿದ್ದರೆ ಮೊದಲು ಬುಟ್ಟಿಯಡಿಯ ಕಪ್ಪು, ಆಮೇಲೆ ಅಂಗಿಯ ಮಡಿಕೆ, ಕೊನೆಗೆ ಮುಖ. ‘ಫೋಟೋ ಚೆನ್ನಾಗಿ ಬಂದಿದೆ’ ಎಂದು ನಾವೆಲ್ಲ ಹೇಳುತ್ತೇವಲ್ಲ, ಆ ‘ಬರುವುದು’ ಎಷ್ಟು ನಿಜವಾದ ಮಾತೆಂದು ನನಗೆ ತಿಳಿದದ್ದು ಆ ತಟ್ಟೆಯ ಮುಂದೆ. ಕ್ರಿಯಾಪದ ನಮ್ಮಲ್ಲಿ ಇದೆ, ಸಿಗದಿರುವುದು ನಾಮಪದ.

ಇನ್ನೊಂದು ತಮಾಷೆ. ಹಾಗೆ ಬರುವ ಕಪ್ಪು ಶಾಯಿಯಲ್ಲ, ಅದು ನುಣ್ಣನೆಯ ಕಣಗಳಾಗಿ ಉಳಿದ ಬೆಳ್ಳಿ. ಬಿಳಿ, ಬೆಳಕು, ಬೆಳ್ಳಿ ಮೂರೂ ಒಂದೇ ಬುಡದ ಮಾತುಗಳು. ಬಿಳುಪಿನಿಂದ ಹೆಸರು ಪಡೆದ ಲೋಹವೇ ಚಿತ್ರದ ಕಪ್ಪಾಗಿ ಕೂತಿದೆ.

ನೆಗೆಟಿವ್ ಬಗ್ಗೆ ನನಗೆ ಹಟವಿಲ್ಲ. ‘ಋಣಚಿತ್ರ’ ಎಂದರೆ ಸಾಲದ ಲೆಕ್ಕದಂತೆ ಕೇಳುತ್ತದೆ. ನೆಗೆಟಿವ್, ಪಾಸಿಟಿವ್ ಎಂಬ ಜೋಡಿಯನ್ನು 1840ರಲ್ಲಿ ಛಾಯಾಗ್ರಹಣಕ್ಕೆ ತಂದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಸ್ಟುಡಿಯೊದವರ ಬಾಯಲ್ಲಿರುವ ‘ಹೈಪೋ’, ಚಿತ್ರ ಕೆಡದಂತೆ ನಿಲ್ಲಿಸುವ ರಾಸಾಯನಿಕ, ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು 1819ರಲ್ಲೇ ಕಂಡುಕೊಂಡವರೂ ಅವರೇ. ನೆಗೆಟಿವ್, ಹೈಪೋ ಎರಡನ್ನೂ ಇದ್ದ ಹಾಗೇ ಇಟ್ಟುಕೊಳ್ಳುತ್ತೇವೆ.

ಪ್ರಿಂಟ್‌ಗೆ ಸದ್ಯ ನನ್ನ ಮನಸ್ಸು ವಾಲಿರುವುದು ‘ಪಡಿಯಚ್ಚು’ ಕಡೆಗೆ. “ಮಗ ಅಪ್ಪನ ಪಡಿಯಚ್ಚು” ಎನ್ನುವಾಗ ಹೋಲಿಕೆ ಇದೆ, ಆದರೂ ಮಗ ನಕಲಲ್ಲ, ಬೇರೆಯೇ ಆಳು. ಒಂದು ಅಳುಕೂ ಇದೆ: ‘ಅಚ್ಚು’ ಅಲ್ಲೂ ಬಾಲದಂತೆ ಅಂಟಿಕೊಂಡಿದೆ, ಮೇಲಾಗಿ ಓದುವವರು ‘ಯಾರ ಪಡಿಯಚ್ಚು?’ ಎಂದು ಕೇಳುವಂತಾಗಬಾರದು.

ಧಾರವಾಡ, ಮೈಸೂರು, ಮಂಗಳೂರಿನ ಹಳೆಯ ಸ್ಟುಡಿಯೊಗಳಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿ ಇದ್ದಾರೆಯೇ? ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟ ಆ ಕಾಗದವನ್ನು ಅವರು ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಿದ್ದರು? ‘ಪ್ರಿಂಟು’ ಎಂದೇ ಆಗಿದ್ದರೆ ಅದನ್ನೂ ತಿಳಿಸಿ. ಚೀಟಿಯ ಮೇಲೆ ‘ಕೈಯಾರೆ ಹಾಕಿದ ಪ್ರಿಂಟು’ ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.