ಗಣತಿ ಹಾಳೆಯ ‘ಸನ್-ಇನ್-ಲಾ’, ‘ಜರ್ನಿಮನ್’, ‘ಪೀಸರ್’: ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಹತ್ತಿ ಗಿರಣಿ ಕಾರ್ಮಿಕ ಕುಟುಂಬವೊಂದರ ವಂಶವೃತ್ತಾಂತವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಮೀನಾಗಲಿ ಸ್ವಂತ ಮನೆಯಾಗಲಿ ಇಲ್ಲದ, ಉಯಿಲು ಬರೆಯುವಷ್ಟು ಆಸ್ತಿಯನ್ನೂ ಬಿಟ್ಟುಹೋಗದ ಇಂಥ ಜನರ ಚರಿತ್ರೆ ಬಹುಮಟ್ಟಿಗೆ ಮೂರು ಬಗೆಯ ದಾಖಲೆಗಳನ್ನು ನಂಬಿಕೊಂಡಿದೆ: ಚರ್ಚುಗಳಲ್ಲಿನ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರದ ಪುಸ್ತಕಗಳು, 1837ರ ಜುಲೈ 1ರಿಂದ ಸರ್ಕಾರವೇ ಇಡತೊಡಗಿದ ಜನನ, ವಿವಾಹ, ಮರಣಗಳ ನೋಂದಣಿ, ಮತ್ತು ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯ ಹಾಳೆಗಳು. ಇವುಗಳಲ್ಲಿ ವಾಕ್ಯಗಳಿರುವುದಿಲ್ಲ, ಕಲಮಿಗೊಂದು ಪದ ಮಾತ್ರ. ಆ ಪದಗಳು ಇಂದಿನ ಇಂಗ್ಲಿಷಿನವೇ ಎಂಬಂತೆ ಕಾಣುವುದರಿಂದ, ನಿಘಂಟು ನೋಡಿ ಕನ್ನಡ ಮಾಡಿದರೆ ವಂಶವೃಕ್ಷದ ಕೊಂಬೆಯೇ ತಪ್ಪಾಗುವ ಸಂಭವವಿದೆ. ಕಚೇರಿ ಆ ಪದಕ್ಕೆ ಅಂದು ಕೊಟ್ಟಿದ್ದ ಅರ್ಥವನ್ನೇ ಕನ್ನಡದಲ್ಲಿ ಹೇಳಬೇಕೆಂಬುದು ನನ್ನ ನಿಲುವು. ಅದಕ್ಕೆ ಒಗ್ಗುವ ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ನಂಟಿನ ಪದಗಳು. ಮನೆಯ ಯಜಮಾನನಿಗೆ ಉಳಿದವರು ಏನಾಗಬೇಕು ಎಂಬ ಕಲಂ 1841ರ ಹಾಳೆಯಲ್ಲಿ ಇರಲಿಲ್ಲ. ಅದು ಬಂದದ್ದು 1851ರಲ್ಲಿ. ಆ ಕಲಮಿನಲ್ಲಿ ಒಂಬತ್ತು ವರ್ಷದ, ಮದುವೆಯಾಗದ, ಯಜಮಾನನದಲ್ಲದ ಕುಲನಾಮವಿರುವ ಹುಡುಗನ ಮುಂದೆ ‘ಸನ್-ಇನ್-ಲಾ’ ಎಂದು ಬರೆದಿರುವುದನ್ನು ಕಂಡರೆ ಅವನನ್ನು ಅಳಿಯನೆಂದು ಕರೆಯುವಂತಿಲ್ಲ. ಆ ಕಾಲದಲ್ಲಿ ‘ಇನ್-ಲಾ’ ಎಂಬುದು ರಕ್ತದಿಂದಲ್ಲದೆ ಮದುವೆಯಿಂದ ಒದಗಿದ ನಂಟುಗಳಿಗೆಲ್ಲ ಸಲ್ಲುತ್ತಿತ್ತು. ಹೆಂಡತಿಯ ಮೊದಲ ಮದುವೆಯ ಮಕ್ಕಳೂ ಅದರೊಳಗೇ ಬರುತ್ತಿದ್ದರು. ಹಾಗಾಗಿ ಈ ಹುಡುಗ ಮಲಮಗ. ಆದರೆ ‘ಮಲ’ ಸೇರಿದ ಪದಗಳಿಗೆ ನಮ್ಮ ಕಥೆಗಳಲ್ಲಿ ಅಂಟಿಕೊಂಡಿರುವ ಕಹಿ ಆ ದಾಖಲೆಯಲ್ಲಿಲ್ಲ. ‘ಹೆಂಡತಿಯ ಹಿಂದಿನ ಮದುವೆಯ ಮಗ’ ಎಂದರೆ ನಿಖರವಾದೀತು, ಆದರೆ ವಂಶವೃಕ್ಷದ ಪಟ್ಟಿಯಲ್ಲಿ ಹಿಡಿಸುವುದಿಲ್ಲ.

‘ನೆಫ್ಯೂ’ ಇದಕ್ಕಿಂತ ಕಷ್ಟ. ಇಂಗ್ಲಿಷಿಗೆ ಅಣ್ಣತಮ್ಮಂದಿರ ಮಗನೂ ಅಕ್ಕತಂಗಿಯರ ಮಗನೂ ಹೆಂಡತಿಯ ಕಡೆಯವರ ಮಗನೂ ಒಂದೇ. ಕನ್ನಡದಲ್ಲಿ ಗಂಡಸಿಗೆ ಒಡಹುಟ್ಟಿದವಳ ಮಗ ಸೋದರಳಿಯನಾದರೆ, ಒಡಹುಟ್ಟಿದವನ ಮಗ ಮಗನ ಸಮಾನ. ಕುಲನಾಮ ಯಜಮಾನನದೇ ಆಗಿದ್ದರೆ ಅಣ್ಣನದೋ ತಮ್ಮನದೋ ಮಗನೆಂದು ಊಹಿಸಬಹುದು, ಆದರೆ ಮದುವೆಯಾಗದ ತಂಗಿಯ ಮಗನಿಗೂ ಅದೇ ಕುಲನಾಮ ಬರುತ್ತದೆಂಬುದನ್ನು ಮರೆಯಲಾಗದು. ನಿರ್ಧರಿಸಲು ಸಾಧ್ಯವೇ ಇಲ್ಲದ ಕಡೆ ‘ಒಡಹುಟ್ಟಿದವರ ಮಗ’ ಎಂದು ಬರೆಯುತ್ತಿದ್ದೇನೆ. ಹೆಂಡತಿಯ ಕಡೆಯವನಿರಬಹುದೆಂಬ ಸಾಧ್ಯತೆಯನ್ನು ಅದು ಬಿಟ್ಟುಬಿಡುತ್ತದೆ. ಇದಕ್ಕಿಂತ ಒಳ್ಳೆಯ ಪದ ಹೊಳೆದವರು ತಿಳಿಸಬೇಕು.

‘ಸಿಸ್ಟರ್-ಇನ್-ಲಾ’ ವಿಷಯದಲ್ಲಿ ಪದದ ಆಯ್ಕೆ ಕಾನೂನಿಗೂ ತಾಗುತ್ತದೆ. ಹೆಂಡತಿ ಸತ್ತ ಗಿರಣಿ ಕೆಲಸಗಾರನ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡು ಇರುವ ‘ಸಿಸ್ಟರ್-ಇನ್-ಲಾ’ ಅನೇಕ ವೇಳೆ ತೀರಿಕೊಂಡ ಹೆಂಡತಿಯ ತಂಗಿ. ನಮ್ಮಲ್ಲಿ ಇಂಥ ಸಂದರ್ಭದಲ್ಲಿ ನಾದಿನಿಯನ್ನೇ ತಂದುಕೊಳ್ಳುವುದು ಸಹಜವಾಗಿತ್ತು. ಇಂಗ್ಲೆಂಡಿನಲ್ಲಿ 1835ರ ಕಾಯಿದೆ ಅಂಥ ಮದುವೆಯನ್ನು ಅಸಿಂಧುವೆಂದು ಸಾರಿತು, ಆ ತಡೆ 1907ರವರೆಗೂ ತೆರವಾಗಲಿಲ್ಲ. ‘ನಾದಿನಿ’ ಎಂದು ಬರೆದರೆ ಕನ್ನಡ ಓದುಗ ಮುಂದಿನ ಮದುವೆಯನ್ನು ನಿರೀಕ್ಷಿಸುತ್ತಾನೆ. ‘ಅತ್ತಿಗೆ’ ಎಂದರೆ ಅಣ್ಣನ ಹೆಂಡತಿಯಾಗಿಬಿಡುತ್ತಾಳೆ. ನಾನು ‘ನಾದಿನಿ’ ಎಂಬುದನ್ನೇ ಇಟ್ಟು ಕಾನೂನಿನ ವಿಷಯವನ್ನು ಅಡಿಟಿಪ್ಪಣಿಯಲ್ಲಿ ಹೇಳಿದ್ದೇನೆ.

ಇನ್ನೆರಡನ್ನು ಬೇಗ ಮುಗಿಸುತ್ತೇನೆ. ಆರು ವರ್ಷದ ಮಗುವಿನ ಮುಂದಿರುವ ‘ಸ್ಕಾಲರ್’ ವಿದ್ವಾಂಸನಲ್ಲ, ಶಾಲೆಗೆ ಹೋಗುವ ಮಗು. ಮದುವೆ ಪುಸ್ತಕದಲ್ಲಿ ಓದುಬರಹ ಬಾರದ ವಧುವಿನ ‘ಮಾರ್ಕ್’ ಹೆಬ್ಬೆಟ್ಟಲ್ಲ, ಲೇಖನಿಯಿಂದ ಎಳೆದ ಕತ್ತರಿ ಗುರುತು. ಭಾರತದಲ್ಲಿ ಕೂಡ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ ಬಂಗಾಳದಲ್ಲಿ ಕರಾರಿನ ಮೇಲೆ ಅಂಗೈ ಒತ್ತಿಸಿಕೊಂಡದ್ದು 1858ರಲ್ಲಿ. ನಮ್ಮ ಕಚೇರಿಗಳ ಹೆಬ್ಬೆಟ್ಟಿನ ರೂಢಿ ಅದಕ್ಕೂ ಈಚಿನದು.

‘ಜರ್ನಿಮನ್’ ಎಂಬುದಕ್ಕೆ ಪ್ರಯಾಣದೊಂದಿಗೆ ನಂಟಿಲ್ಲ. ಒಂದು ದಿನದ ಕೆಲಸ ಎಂಬರ್ಥದ ಫ್ರೆಂಚ್ ಮಾತಿನಿಂದ ಅದು ಬಂದಿದೆ. ಕೆಲಸ ಹುಡುಕುತ್ತ ಊರೂರು ತಿರುಗಿದ ಕುಶಲಕರ್ಮಿಗಳು ಇಂಗ್ಲೆಂಡಿನಲ್ಲಿ ಇದ್ದದ್ದು ನಿಜವಾದರೂ ಹೆಸರು ಬಂದದ್ದು ಆ ತಿರುಗಾಟದಿಂದಲ್ಲ. ‘ದಿನಗೂಲಿ’ ಎಂದರೆ ವ್ಯುತ್ಪತ್ತಿ ಹೊಂದುತ್ತದೆ, ಮನುಷ್ಯ ಹೊಂದುವುದಿಲ್ಲ. ಏಕೆಂದರೆ ಇವನು ಶಿಷ್ಯವೃತ್ತಿ ಮುಗಿಸಿ ಕಸುಬನ್ನು ಪೂರ್ತಿ ಕಲಿತವನು, ಆದರೆ ಸ್ವಂತ ಅಂಗಡಿಯಿಲ್ಲದೆ ಇನ್ನೊಬ್ಬ ಒಡೆಯನ ಕೈಕೆಳಗೆ ದುಡಿಯುವವನು. 1841ರಲ್ಲಿ ಗಣತಿದಾರರಿಗೆ ಕೊಟ್ಟ ಸೂಚನೆಯ ಪ್ರಕಾರ ಕಸುಬಿನ ಮುಂದೆ ಜರ್ನಿಮನ್ ಎಂದಾಗಲಿ ಶಿಷ್ಯನೆಂದಾಗಲಿ ಗುರುತು ಹಾಕದವನನ್ನು ಒಡೆಯನೆಂದೇ ಎಣಿಸಬೇಕಿತ್ತು. ಆದ್ದರಿಂದ ಈ ಒಂದು ಪದವನ್ನು ಅನುವಾದದಲ್ಲಿ ಕೈಬಿಟ್ಟರೆ ಕೂಲಿಯವನಿಗೆ ಒಡೆತನ ಬಂದುಬಿಡುತ್ತದೆ. ಇಳಕಲ್ಲು, ಗುಳೇದಗುಡ್ಡದ ಕಡೆ ಮಾಲೀಕರಿಂದ ನೂಲು ಪಡೆದು ಮಜೂರಿಗೆ ನೇಯುವವರನ್ನು ‘ಕೂಲಿ ನೇಕಾರ’ ಎನ್ನುವುದುಂಟು. ಜರ್ನಿಮನ್ ನೇಕಾರನಿಗೆ ಅದು ಚೆನ್ನಾಗಿ ಒಪ್ಪುತ್ತದೆಂದು ನನ್ನ ಭಾವನೆ. ‘ಕೂಲಿ ಚಮ್ಮಾರ’, ‘ಕೂಲಿ ದರ್ಜಿ’ ಎಂದು ಅದೇ ಅಚ್ಚಿನಲ್ಲಿ ಮುಂದುವರಿಸಬಹುದೇ, ಅಥವಾ ಆಗ ಕುಶಲತೆಯ ಸುಳಿವು ಅಳಿಸಿಹೋಗುತ್ತದೆಯೇ?

ಗಿರಣಿಯ ಪದಗಳಲ್ಲಿ ‘ಪೀಸರ್’ ಎಂಬುದು ತುಂಡುಗುತ್ತಿಗೆಯ ಕೂಲಿಯಲ್ಲ. ನೂಲುವ ‘ಮ್ಯೂಲ್’ ಯಂತ್ರದ ಬಂಡಿ ಹಿಂದೆ ಮುಂದೆ ಚಲಿಸುತ್ತಿರುವಾಗಲೇ ಕಡಿದ ಎಳೆಗಳನ್ನು ಕೈಯಿಂದ ಹೊಸೆದು ಸೇರಿಸುತ್ತಿದ್ದ ಹುಡುಗನಿಗೋ ಹುಡುಗಿಗೋ ಆ ಹೆಸರು. ವಿಚಿತ್ರವೆಂದರೆ ನೂಲಿನ ಅಳತೆಯ ಮೇಲೆ ಸಂಪಾದಿಸುತ್ತಿದ್ದವನು ನೂಲುವವನು. ಪೀಸರ್‌ನ ಕೂಲಿಯನ್ನು ಅವನೇ ತನ್ನ ಗಳಿಕೆಯಿಂದ ಕೊಡುತ್ತಿದ್ದ. ನಮ್ಮ ಕೈಮಗ್ಗದವರಲ್ಲಿ ಹಳೆಯ ಹಾಸಿನ ಎಳೆಗೆ ಹೊಸದನ್ನು ಹೊಸೆದು ಜೋಡಿಸುವುದಕ್ಕೆ ‘ಕೆಚ್ಚುವುದು’ ಎಂಬ ಮಾತಿದೆ. ‘ಎಳೆ ಕೆಚ್ಚುವ ಹುಡುಗ’ ಎನ್ನಬಹುದೇ? ಯಂತ್ರದಡಿಗೆ ನುಸುಳಿ ಬಿದ್ದ ಹತ್ತಿಯನ್ನು ಬಳಿದು ತೆಗೆಯುತ್ತಿದ್ದ ಮಗುವನ್ನು ‘ಸ್ಕ್ಯಾವೆಂಜರ್’ ಎನ್ನುತ್ತಿದ್ದರು. ಭಾರತದಲ್ಲಿ ಆ ಪದ ಜಾತಿಯ ಹೊರೆ ಹೊತ್ತಿರುವುದರಿಂದ ಅದಕ್ಕೆ ಸಂವಾದಿಯಾದ ಕನ್ನಡ ಪದಗಳಲ್ಲಿ ಯಾವುದನ್ನೂ ಇಲ್ಲಿ ತರಕೂಡದೆಂದು ನಿರ್ಧರಿಸಿ ‘ಹತ್ತಿಕಸ ಬಳಿಯುವ ಮಗು’ ಎಂದು ಬರೆದಿದ್ದೇನೆ. ‘ಹಾಫ್-ಟೈಮರ್’ 1844ರ ಗಿರಣಿ ಕಾಯಿದೆಯ ಕೂಸು: ದಿನದ ಒಂದು ಭಾಗ ಗಿರಣಿಯಲ್ಲಿ, ಇನ್ನೊಂದು ಭಾಗ ಶಾಲೆಯಲ್ಲಿ. ಕಾಯಿದೆ ಎಂಟು ವರ್ಷದ ಮಗುವಿಗೂ ಇದಕ್ಕೆ ಅನುಮತಿ ಕೊಟ್ಟಿತ್ತು. ‘ಅರೆಕಾಲಿಕ’ ಎಂದರೆ ಇಂದಿನ ಕಚೇರಿ ನೌಕರಿಯ ವಾಸನೆ ಬರುತ್ತದೆ. ‘ಅರೆಹೊತ್ತಿನ ಗಿರಣಿಮಗು’ ಎಂಬುದು ಸದ್ಯಕ್ಕೆ ನನ್ನ ಕರಡಿನಲ್ಲಿದೆ.

ದಾವಣಗೆರೆ, ಗೋಕಾಕ, ಹುಬ್ಬಳ್ಳಿಯ ಗಿರಣಿಗಳಲ್ಲಿ ಅಥವಾ ಬೆಂಗಳೂರಿನ ಬಿನ್ನಿ ಮಿಲ್ಲಿನಲ್ಲಿ ದುಡಿದವರ ಮನೆಗಳಿಂದ ಬಂದವರು ಈ ಬಳಗದಲ್ಲಿದ್ದರೆ, ಎಳೆ ಸೇರಿಸುವವರನ್ನೂ ಯಂತ್ರದಡಿ ಗುಡಿಸುವವರನ್ನೂ ಅಲ್ಲಿ ಏನೆಂದು ಕರೆಯುತ್ತಿದ್ದರೆಂದು ತಿಳಿಸಬೇಕಾಗಿ ವಿನಂತಿ. ಇಂಗ್ಲಿಷ್ ಪದವೇ ರೂಪ ಬದಲಿಸಿ ಬಳಕೆಯಲ್ಲಿದ್ದರೆ ಅದನ್ನೂ ಬರೆಯಿರಿ. ಉತ್ತರದಲ್ಲಿ ಊರು, ಗಿರಣಿಯ ವಿಭಾಗ ಮತ್ತು ಆ ಮಾತು ಕಿವಿಗೆ ಬಿದ್ದ ಕಾಲ ಇದ್ದರೆ ಪದವನ್ನು ಧೈರ್ಯವಾಗಿ ಬಳಸಬಹುದು.