ಅಜ್ಜನ ಕೋವಿಯ ಸ್ಟಾಕ್ ಗಿಡ್ಡ, ರಬ್ಬರ್ ಪ್ಯಾಡ್ ಹಾಕಿದರೆ ಸಾಕಾ?

ಪ್ರಶ್ನೆ (ಗೋಣಿಕೊಪ್ಪದಿಂದ):
ಅಣ್ಣಾ, ನಮ್ಮ ಐನ್‌ಮನೆಯಲ್ಲಿ (ಹಿರಿಯರ ಮೂಲಮನೆ) ಇರುವುದು ಅಜ್ಜನ ಕಾಲದ 12 ಬೋರ್ ಜೋಡಿನಳಿಗೆ ಕೋವಿ. ಅಜ್ಜ ಐದೂವರೆ ಅಡಿಯೂ ಇರಲಿಲ್ಲ. ನಾನು 6 ಅಡಿ 1 ಇಂಚು. ಹೋದ ವರ್ಷ ಕೈಲ್‌ಪೊಳ್ದ್ (ಕೊಡಗಿನ ಆಯುಧ ಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಅದನ್ನೇ ತೆಗೆದುಕೊಂಡು ಹೋಗಿದ್ದೆ. ಮೊದಲ ಈಡಿಗೇ ಹೆಬ್ಬೆರಳಿನ ಗೆಣ್ಣು ಮೂಗಿಗೆ ಬಡಿದು ರಕ್ತ ಬಂತು. ಟ್ರಿಗರಿನಿಂದ ಸ್ಟಾಕಿನ (ಭುಜಕ್ಕೆ ಒತ್ತಿಕೊಳ್ಳುವ ಮರದ ಭಾಗ) ತುದಿಗೆ ಅಳೆದರೆ 13 ಮುಕ್ಕಾಲು ಇಂಚು. ಕಾಲುಚೀಲದ ಹಾಗೆ ಎಳೆದು ಹಾಕುವ ರಬ್ಬರ್ ಪ್ಯಾಡ್ ಸಾಕಾ? ಅಥವಾ ಮರ ಕತ್ತರಿಸಿ ಖಾಯಂ ಪ್ಯಾಡ್ ಕೂರಿಸಬೇಕಾ? ಈ ವರ್ಷದ ಹಬ್ಬಕ್ಕೆ, ಅಂದರೆ ಸೆಪ್ಟೆಂಬರ್ 3ಕ್ಕೆ, ಇನ್ನು ಐದೇ ವಾರ ಇದೆ.

ಉತ್ತರ (ಕೋವಿ ರಿಪೇರಿ, ಮಡಿಕೇರಿ):
ತಮ್ಮಾ, ಆ ಮರಕ್ಕೆ ಈಗ ಗರಗಸ ಮುಟ್ಟಿಸಬೇಡ. ಎಳೆದು ಹಾಕುವ ಪ್ಯಾಡನ್ನು ಬೇಡ ಅಂದರೆ ತೆಗೆಯಬಹುದು. ಕತ್ತರಿಸಿದ ಅಕ್ರೂಟ್ ಮರ ವಾಪಸ್ ಬರುವುದಿಲ್ಲ. ನಿನಗೆ ಎಷ್ಟು ಉದ್ದ ಬೇಕು ಅಂತ ಕಂಡುಹಿಡಿಯುವುದಕ್ಕೆ ಪ್ಯಾಡೇ ಒಳ್ಳೆಯ ದಾರಿ.

ಮೊದಲು ಅಳತೆ ಸರಿಯಾಗಿದೆಯಾ ನೋಡು. ಎರಡು ಟ್ರಿಗರ್ ಇದ್ದರೆ ಮುಂದಿನ ಟ್ರಿಗರಿನಿಂದ ಸ್ಟಾಕಿನ ಹಿಂಬದಿಯ ನಡುಮಧ್ಯಕ್ಕೆ ಅಳೆಯಬೇಕು. ಹಿಂದಿನ ಟ್ರಿಗರಿನಿಂದ ಅಳೆದಿದ್ದರೆ ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ. ಸಾಧಾರಣ ಎತ್ತರದವರಿಗೆ 14ರಿಂದ 14 ಕಾಲು ಇಂಚು ಸರಿಹೋಗುತ್ತದೆ. ನಿನ್ನಷ್ಟು ಎತ್ತರದವರಿಗೆ 14 ಮುಕ್ಕಾಲು, 15 ಕೂಡ ಬೇಕಾಗಬಹುದು.

ಪ್ಯಾಡ್ ಕೊಳ್ಳುವ ಮೊದಲು ಒಂದು ಕೆಲಸ ಮಾಡು. ತೋಟಾ ತುಂಬುವಾಗಿನ ಹಾಗೆ ಕೋವಿಯನ್ನು ಬಗ್ಗಿಸಿ ತೆರೆದು ಎರಡೂ ನಳಿಗೆ ಖಾಲಿ ಇದೆ ಅಂತ ಕಣ್ಣಾರೆ ನೋಡು, ಬೆರಳು ಹಾಕಿಯೂ ನೋಡು. ತೋಟಾ ಆ ಕೋಣೆಯಲ್ಲೇ ಇರಬಾರದು. ಹಳೆ ಹವಾಯಿ ಚಪ್ಪಲಿಯ ಅಟ್ಟೆಯನ್ನು ಸ್ಟಾಕಿನ ತುದಿಯ ಆಕಾರಕ್ಕೆ ಕತ್ತರಿಸಿ, ಒಂದೊಂದೇ ತುಂಡು ಟೇಪಿನಿಂದ ಅಂಟಿಸುತ್ತಾ ಹೋಗು. ಪ್ರತಿ ಸಲ ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ತೆಗೆದುಕೊಂಡು, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆ. ಹೆಬ್ಬೆರಳಿನ ಗೆಣ್ಣಿಗೂ ಮೂಗಿಗೂ ನಡುವೆ ಎರಡು ಬೆರಳು ಹಿಡಿಸುವಷ್ಟು ಜಾಗ ಇದ್ದರೆ ಉದ್ದ ಸರಿಯಾಯಿತು. ಎತ್ತುವಾಗ ಕಂಕುಳಿಗೆ ಸಿಕ್ಕಿಕೊಂಡರೆ ಜಾಸ್ತಿ ಆಯಿತು, ಒಂದು ತುಂಡು ತೆಗೆ. ಸ್ಪರ್ಧೆಗೆ ಕುಪ್ಯಚೇಲೆ (ಕೊಡವರ ಉದ್ದ ಕೋಟು, ನಡುಪಟ್ಟಿ) ಹಾಕಿಕೊಳ್ಳುವವನಾದರೆ ಅದನ್ನೇ ಹಾಕಿಕೊಂಡು ನೋಡು. ಬರೀ ಟೀ ಶರ್ಟಿನಲ್ಲಿ ಅಳೆದ ಉದ್ದ ಕುಪ್ಯದ ಮೇಲೆ ಜಾಸ್ತಿಯಾಗುತ್ತದೆ. ಇದು ಅಳತೆಗೆ ಮಾತ್ರ, ಚಪ್ಪಲಿ ತುಂಡು ಇಟ್ಟುಕೊಂಡು ಗುಂಡು ಹೊಡೆಯಬೇಡ.

ಮೊಣಕೈ ಮಡಚಿ, ಅದರ ಒಳಗೆ ಸ್ಟಾಕ್ ಇಟ್ಟು, ಬೆರಳು ಟ್ರಿಗರಿಗೆ ಮುಟ್ಟುತ್ತದಾ ಅಂತ ನೋಡುವ ಪದ್ಧತಿ ಇದೆ. ಅದು ಕೈಯ ಉದ್ದವನ್ನಷ್ಟೇ ಹೇಳುತ್ತದೆ. ಕತ್ತು, ಭುಜದ ಅಗಲ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ನಂಬಿ ನಾನು ಶುರುವಿನಲ್ಲಿ ಒಬ್ಬರ ಕೋವಿಯನ್ನು ಅರ್ಧ ಇಂಚು ಜಾಸ್ತಿ ಕತ್ತರಿಸಿಬಿಟ್ಟೆ. ಅವರ ಅಪ್ಪ ಇಟ್ಟುಕೊಂಡಿದ್ದ ಕೋವಿ ಅದು. ಇವತ್ತಿಗೂ ನೋವಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಮುಖ್ಯ ವಿಷಯ. ಪ್ಯಾಡ್ ಹಾಕಿದರೆ ಉದ್ದ ಒಂದೇ ಬದಲಾಗುವುದಿಲ್ಲ, ಗುರಿಯೂ ಬದಲಾಗುತ್ತದೆ. ಹಳೆ ಕೋವಿಗಳಲ್ಲಿ ಕೆನ್ನೆ ಒರಗಿಸುವ ಅಂಚು ಹಿಂದಕ್ಕೆ ಹೋದ ಹಾಗೆ ಇಳಿಜಾರಾಗಿರುತ್ತದೆ. ಮುಂದಿನ ತುದಿಗಿಂತ ಹಿಂದಿನ ತುದಿ ಒಂದು ಇಂಚು ಕೆಳಗಿರುವುದು ಸಾಮಾನ್ಯ. ಮುಕ್ಕಾಲು ಇಂಚಿನ ಪ್ಯಾಡ್ ಹಾಕಿದರೆ ನಿನ್ನ ಕೆನ್ನೆ ಸುಮಾರು ಅಷ್ಟೇ ಹಿಂದೆ ಬಂದು, ಆ ಇಳಿಜಾರಿನಲ್ಲಿ ಕೆಳಗೆ ಕೂರುತ್ತದೆ. ಕಣ್ಣೂ ಕೆಳಗೆ ಹೋಯಿತು. ಇಂಥ ಕೋವಿಗೆ ಹಿಂದಿನ ಗುರಿಕಣ್ಣು ಅಂದರೆ ನಿನ್ನ ಕಣ್ಣೇ ಅಲ್ವಾ? ಅದು ತಗ್ಗಿದರೆ ಈಡು ಕೂಡ ತಗ್ಗುತ್ತದೆ.

ಎಷ್ಟು ತಗ್ಗಿತು ಅಂತ ಕಾಗದದ ಮೇಲೆ ನೋಡಬೇಕು. ಅಭ್ಯಾಸಕ್ಕೆ ಅವಕಾಶ ಇರುವ ಕಡೆ, ಹಿಂದೆ ಎತ್ತರದ ಮಣ್ಣಿನ ದಿಣ್ಣೆ ಇರಬೇಕು. 16 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ನಡುವೆ ಕಪ್ಪು ಚುಕ್ಕೆ ಇಡು. ತುಂಬಾ ಹೊತ್ತು ಗುರಿ ಹಿಡಿಯದೆ, ಕೋವಿ ಭುಜಕ್ಕೆ ಬಂದ ತಕ್ಷಣ ಹೊಡೆ. ಐದಾರು ಈಡು ಒಂದೇ ಕಾಗದಕ್ಕೆ ಬೀಳಲಿ, ನಡು ಎಲ್ಲಿದೆ ಅಂತ ಗೊತ್ತಾಗುತ್ತದೆ. 16 ಗಜ ಯಾಕೆ ಅಂದರೆ, ಕಣ್ಣಿನಿಂದ ನಳಿಗೆಯ ಮೂತಿಯ ಮೇಲಿರುವ ಗುರಿಮಣಿಗೆ ಸುಮಾರು 36 ಇಂಚು. 16 ಗಜ ಅಂದರೆ 576 ಇಂಚು, ಅದರ ಹದಿನಾರು ಪಟ್ಟು. ಹಾಗಾಗಿ ಕಾಗದದಲ್ಲಿ ಒಂದು ಇಂಚು ತಪ್ಪಿದರೆ ಕಣ್ಣು ಇಂಚಿನ ಹದಿನಾರನೇ ಒಂದು ಪಾಲು ತಪ್ಪಿದೆ ಅಂತ ಲೆಕ್ಕ. ದೂರ ಎರಡರಷ್ಟಾದರೆ ತಪ್ಪೂ ಎರಡರಷ್ಟು.

ಪ್ರಶ್ನೆ (ಸೋಮವಾರಪೇಟೆಯಿಂದ):
ಅಣ್ಣಾ, ನನ್ನದು ಇದಕ್ಕೆ ಉಲ್ಟಾ. ನಾನು 5 ಅಡಿ. ಅಪ್ಪನ ಕೋವಿಯಲ್ಲಿ ಹೊಡೆದರೆ ತೋಳಿನ ಮೇಲೆ ನೀಲಿ ಕಟ್ಟುತ್ತದೆ. ಅದಕ್ಕೆ ಅಂತ ಇದೇ ಪ್ಯಾಡ್ ತರಿಸಿ ಹಾಕಿದೆ. ಈಗ ನೋವು ಇನ್ನೂ ಜಾಸ್ತಿ.

ಉತ್ತರ:
ಅಕ್ಕಾ, ಭುಜದ ಗುಳಿಯಲ್ಲಿ ನೀಲಿ ಕಟ್ಟಿದ್ದರೆ ಬೇರೆ ಮಾತು. ತೋಳಿನ ಮೇಲೆ ಅಂದಿರಲ್ಲ, ಅಂದರೆ ಕೋವಿ ನಿಮಗೆ ಮೊದಲೇ ಉದ್ದ. ಗುಳಿಯಲ್ಲಿ ಕೂರಲು ಜಾಗ ಸಾಲದೆ ಹೊರಗೆ ಜಾರುತ್ತಿದೆ. ಪ್ಯಾಡ್ ಹಾಕಿ ಇನ್ನೂ ಉದ್ದ ಮಾಡಿದ್ದೀರಿ. ಇವತ್ತೇ ತೆಗೆಯಿರಿ. ರಬ್ಬರ್ ಒದೆತವನ್ನು ಸ್ವಲ್ಪ ಹರಡುತ್ತದೆ, ನಿಧಾನ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. 36 ಗ್ರಾಂ ಚರೆಯ ತೋಟಾ ಬಿಟ್ಟು 28 ಗ್ರಾಮಿನದ್ದು ಹಾಕಿ, ಅದರಲ್ಲೇ ಒದೆತ ಸಾಕಷ್ಟು ಕಡಿಮೆಯಾಗುತ್ತದೆ. ಮುಂದೆ ಆ ಕೋವಿ ನಿಮ್ಮದೇ ಅಂತ ಮನೆಯಲ್ಲಿ ತೀರ್ಮಾನವಾದರೆ ಆಗ ಸ್ಟಾಕ್ ಕಿರಿದು ಮಾಡುವ ಮಾತು ಆಡೋಣ. ಕತ್ತರಿಸಿದ ತುಂಡನ್ನು ಮಾತ್ರ ಜೋಪಾನವಾಗಿ ಎತ್ತಿಡಿ.

ಪ್ರಶ್ನೆ (ವಿರಾಜಪೇಟೆಯಿಂದ):
ಪ್ಯಾಡ್ ಹಾಕುವುದಕ್ಕೆ ಪರ್ಮಿಶನ್ ಬೇಕಾ? ಮತ್ತೆ ಮಳೆಗಾಲದಲ್ಲಿ ಹಾಗೇ ಬಿಡಬಹುದಾ?

ಉತ್ತರ:
ಎಳೆದು ಹಾಕುವ ಪ್ಯಾಡಿನಿಂದ ನಂಬರಿಗೂ ನಳಿಗೆಗೂ ಏನೂ ಆಗುವುದಿಲ್ಲ, ತೊಂದರೆ ಇಲ್ಲ. ಆದರೆ ನಮ್ಮ ಕೊಡಗಿನ ಕಡೆ ಲೈಸೆನ್ಸಿನಿಂದ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ರಿಪೇರಿಗೆ 1959ರ ಆಯುಧ ಕಾಯ್ದೆಯಲ್ಲಿ ಬೇರೆ ಲೈಸೆನ್ಸ್ ಇದೆ. ಮರ ಕತ್ತರಿಸುವುದಾದರೆ ಅಂಥವರ ಹತ್ತಿರವೇ ಹೋಗಿ, ಬಡಗಿಗೆ ಕೊಡಬೇಡಿ.

ಮಳೆಗಾಲದಲ್ಲಿ ಬಿಡಲೇಬೇಡಿ. ಜುಲೈಯಲ್ಲಿ ಗೋಡೆಯೇ ಬೆವರುವ ಊರು ನಮ್ಮದು. ರಬ್ಬರಿನೊಳಗೆ ತೇವ ಸಿಕ್ಕಿಕೊಂಡರೆ ಮರ ಕಪ್ಪಾಗುತ್ತದೆ, ಉಬ್ಬುತ್ತದೆ. ಹೊಡೆದು ಬಂದ ದಿನವೇ ಕಳಚಿ, ಒಣಬಟ್ಟೆಯಲ್ಲಿ ಒರೆಸಿ, ಬೇರೆ ಇಡಿ. ಕೋವಿಗೆ ಹಚ್ಚುವ ಎಣ್ಣೆ ಪ್ಯಾಡಿಗೆ ತಾಗದಿರಲಿ, ಮೆತ್ತಗಾಗಿ ಅಂಟುತ್ತದೆ. ಬಟ್ಟೆಗೆ ಕಚ್ಚಿಕೊಳ್ಳುತ್ತಿದ್ದರೆ ಮೇಲಿನ ಮೂಲೆಗೆ ನುಣುಪಾದ ಟೇಪ್ ಸುತ್ತಿ.

ಮೊದಲ ಪ್ರಶ್ನೆ ಕೇಳಿದವರು:
ಅಣ್ಣಾ, ಎರಡು ವಾರ ಆಯಿತು. ನೀವು ಹೇಳಿದ್ದು ಸರಿ, ನಾನು ಹಿಂದಿನ ಟ್ರಿಗರಿನಿಂದ ಅಳೆದಿದ್ದೆ. ಮುಂದಿನದರಿಂದ 14 ಇದೆ, ಹಿಂದಿನದರಿಂದ 13. ಅವತ್ತು ಮುಕ್ಕಾಲು ಅಂತ ಓದಿದ್ದೂ ತಪ್ಪು. ಚಪ್ಪಲಿ ತುಂಡಿನಲ್ಲಿ ನೋಡಿದರೆ ಮುಕ್ಕಾಲು ಇಂಚು ಸೇರಿದಾಗ ಎರಡು ಬೆರಳು ಸರಿಯಾಗಿ ಹಿಡಿಸಿತು. ಅಷ್ಟೇ ದಪ್ಪದ ಪ್ಯಾಡ್ ಹಾಕಿದ್ದೇನೆ. ಮೂಗಿಗೆ ಬಡಿಯುವುದು ನಿಂತಿದೆ. ಕಾಗದದಲ್ಲಿ ಮಾತ್ರ ಒಂದೂವರೆ ಇಂಚು ಕೆಳಗೆ ಬೀಳುತ್ತಿದೆ.

ಉತ್ತರ:
ಒಳ್ಳೆಯದಾಯಿತು ತಮ್ಮಾ. ಒಂದೂವರೆಯನ್ನು ಹದಿನಾರರಿಂದ ಭಾಗಿಸಿದರೆ ಹತ್ತಿರ ಹತ್ತಿರ ಎರಡೂವರೆ ಮಿಲಿಮೀಟರ್. ಕೆನ್ನೆ ಕೂರುವ ಜಾಗದಲ್ಲಿ ತೆಳು ಚರ್ಮವನ್ನು ಅಷ್ಟು ದಪ್ಪಕ್ಕೆ ಪದರ ಪದರವಾಗಿ ಇಟ್ಟು ಬಟ್ಟೆಯ ಟೇಪಿನಿಂದ ಸುತ್ತು. ಅಂಟು ಬಳಿಯಬೇಡ, ಪಾಲಿಶ್ ಕಿತ್ತುಬರುತ್ತದೆ. ಆಮೇಲೆ ಇನ್ನೊಂದು ಕಾಗದ ಕಟ್ಟಿ ಹೊಡೆದು ನೋಡು, ಫೋಟೋ ಇಲ್ಲೇ ಹಾಕು.