ಮಂಗನ ಕಾಯಿಲೆ: ಹೆಲ್ತ್ ಇನ್‌ಸ್ಪೆಕ್ಟರ್ ಅವರನ್ನು ಕೇಳಿ

ಪ್ರಶ್ನೆ (ಕೊಪ್ಪದ ಕಡೆಯ ಬೆಳೆಗಾರರು): ನಮಸ್ಕಾರ ಸರ್. ನಮ್ಮ ಸೊಪ್ಪಿನ ಬೆಟ್ಟದಲ್ಲಿ ನಿನ್ನೆ ಒಂದು ಮುಸಿಯ (ಕಪ್ಪು ಮೂತಿಯ ಮಂಗ) ಸತ್ತು ಬಿದ್ದಿತ್ತು. ಕೆಲಸದ ಹುಡುಗ ಕೋಲಿನಲ್ಲಿ ಪಕ್ಕಕ್ಕೆ ತಳ್ಳಿ, ಮೇಲೆ ಸೊಪ್ಪು ಮುಚ್ಚಿ ಬಂದಿದ್ದಾನೆ. ವಯಸ್ಸಾಗಿ ಸತ್ತಿರಬಹುದು ಬಿಡು ಅಂತ ಮನೆಯಲ್ಲಿ ಹೇಳುತ್ತಾರೆ. ಇಷ್ಟಕ್ಕೆಲ್ಲ ಇಲಾಖೆಗೆ ಫೋನ್ ಮಾಡಬೇಕಾ? ಸುಮ್ನೆ ಊರಿಗೆಲ್ಲ ಗಾಬರಿ ಎಬ್ಬಿಸಿದ ಹಾಗೆ ಆಗುತ್ತಾ?

ಉತ್ತರ: ಮಾಡಲೇಬೇಕು, ಇದನ್ನು ಓದಿ ಮುಗಿಸುವ ಮೊದಲೇ ಮಾಡಿ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿದರೂ ಸಾಕು. ಯಾರೂ ಸಿಗದಿದ್ದರೆ 104ಕ್ಕೆ ಕರೆ ಮಾಡಿ.

ಅವಸರ ಯಾಕೆ ಅಂತ ಹೇಳುತ್ತೇನೆ. ಈ ಕಾಯಿಲೆಯ ವೈರಸ್ ನಮಗೆ ತಗಲುವುದು ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ. ಮಂಗ ಬದುಕಿರುವಾಗ ಉಣುಗುಗಳು ಅದರ ಮೈಮೇಲೆ ರಕ್ತ ಕುಡಿಯುತ್ತಾ ಇರುತ್ತವೆ. ಸತ್ತು ಮೈ ತಣ್ಣಗಾದ ಕೂಡಲೇ ಅವು ಇಳಿದು ಸುತ್ತಲಿನ ದರಗಿನಲ್ಲಿ (ಉದುರಿದ ಒಣ ಎಲೆಗಳಲ್ಲಿ) ಕೂರುತ್ತವೆ, ಮುಂದೆ ಯಾವ ಬಿಸಿ ಮೈ ಬರುತ್ತದೋ ಅಂತ ಕಾಯುತ್ತವೆ. ಆ ಬಿಸಿ ಮೈ ಇಲಿಯದಾಗಬಹುದು, ದನದ್ದಾಗಬಹುದು, ಸೊಪ್ಪಿಗೆ ಹೋದ ನಿಮ್ಮದೇ ಆಗಬಹುದು. ಹಾಗಾಗಿ ಮಂಗ ಸತ್ತ ಜಾಗವೇ ದೊಡ್ಡ ಅಪಾಯ. ಸುದ್ದಿ ಬಂದರೆ ನಾವು, ಪಶುವೈದ್ಯರು, ಅರಣ್ಯದವರು ಸೇರಿ ಬರುತ್ತೇವೆ. ಪರೀಕ್ಷೆಗೆ ಬೇಕಾದ್ದನ್ನು ತೆಗೆದುಕೊಂಡು ಹೆಣ ಸುಡುತ್ತೇವೆ, ಸುತ್ತಲೂ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಉದುರಿಸುತ್ತೇವೆ. ಎರಡು ದಿನ ಬಿಟ್ಟು ಹೇಳಿದರೆ ಉಣುಗು ಆಗಲೇ ಚದುರಿರುತ್ತದೆ, ಪುಡಿ ಹಾಕಿಯೂ ಅಷ್ಟು ಪ್ರಯೋಜನ ಆಗುವುದಿಲ್ಲ.

ಆ ಹುಡುಗನಿಗೆ ಬೈಯಬೇಡಿ. ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಲಿ, ಬಟ್ಟೆ ಬಿಸಿನೀರಿನಲ್ಲಿ ನೆನೆಯಲಿ. ಕಂಕುಳು, ತೊಡೆಸಂದು, ಮಂಡಿಯ ಹಿಂದೆ, ಕಿವಿಯ ಹಿಂದೆ ಯಾರಾದರೂ ಒಮ್ಮೆ ನೋಡಿ. ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ ಬರುವುದು. ಅಲ್ಲಿಯವರೆಗೆ ದಿನಾ ವಿಚಾರಿಸುತ್ತಿರಿ.

ಪ್ರಶ್ನೆ (ಎನ್.ಆರ್.ಪುರ): ನಮ್ಮಲ್ಲಿ ಈ ವರ್ಷ ಒಂದು ಮಂಗವೂ ಸತ್ತಿಲ್ಲ. ಹಾಗಾದರೆ ನಾವು ಆರಾಮಾಗಿ ಇರಬಹುದು ಅಲ್ವಾ?

ಉತ್ತರ: ಇಲ್ಲ. ಕಾಡಿನ ಒಳಗೆ ಸತ್ತದ್ದು ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ. ಅದಕ್ಕೇ ನಾವು ಮಂಗ ಸಾಯಲಿ ಅಂತ ಕಾಯುವುದಿಲ್ಲ. ಬಿಳಿ ಬಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ದರಗಿನ ಮೇಲೆ ನಿಧಾನಕ್ಕೆ ಎಳೆದುಕೊಂಡು ಹೋಗುತ್ತೇವೆ. ಸ್ವಲ್ಪ ದೂರಕ್ಕೊಮ್ಮೆ ತಿರುಗಿಸಿ ನೋಡಿದರೆ ಚುಕ್ಕೆ ಚುಕ್ಕೆಯಾಗಿ ಮರಿ ಉಣುಗುಗಳು ಹತ್ತಿರುತ್ತವೆ. ಎಳ್ಳಿಗಿಂತ ಸಣ್ಣವು, ನಡೆಯದಿದ್ದರೆ ಮಣ್ಣು ಅಂದುಕೊಳ್ಳಬೇಕು. ಅವನ್ನು ಚಿಮಟಿಯಲ್ಲಿ ಹೆಕ್ಕಿ ಬಾಟಲಿಗೆ ಹಾಕಿ ವೈರಸ್ ಇದೆಯಾ ಅಂತ ಪರೀಕ್ಷೆಗೆ ಕಳಿಸುತ್ತೇವೆ. ನಮ್ಮವರು ನಿಮ್ಮ ಬೆಟ್ಟದಲ್ಲಿ ಬಟ್ಟೆ ಎಳೆಯುವುದು ಕಂಡರೆ ದಯವಿಟ್ಟು ತಡೆಯಬೇಡಿ, ಜಾಗ ತೋರಿಸಿ.

ಪ್ರಶ್ನೆ (ಶೃಂಗೇರಿ): ಸರ್, ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಎಣ್ಣೆ ಬಾಟಲಿ ಕೊಟ್ಟು ಹೋಗಿದ್ದಾರೆ. ಹಚ್ಚಿದರೂ ಉಣುಗು ಕಚ್ಚಿತು ಅಂತ ಆಳುಗಳು ಹೇಳುತ್ತಾರೆ. ಅದು ನಿಜಕ್ಕೂ ಕೆಲಸ ಮಾಡುತ್ತಾ?

ಉತ್ತರ: ಮಾಡುತ್ತದೆ, ಆದರೆ ಹಚ್ಚುವ ಕ್ರಮದಲ್ಲಿದೆ. ಮೊದಲು ಡಿಎಂಪಿ ಎಣ್ಣೆ ಇತ್ತು, ಈಗ ಕೊಡುತ್ತಿರುವುದು ಡೀಪಾ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಕಂಡುಹಿಡಿದದ್ದು. ನಾನು ನೋಡಿದ ಹಾಗೆ ಜಾಸ್ತಿ ಜನ ಪಾದಕ್ಕೆ ನಾಲ್ಕು ಹನಿ ಸವರಿ ಹೊರಡುತ್ತಾರೆ, ಮಳೆಗಾಲದಲ್ಲಿ ಇಂಬಳಕ್ಕೆ (ಜಿಗಣೆಗೆ) ಹೊಗೆಸೊಪ್ಪು ಸುಣ್ಣ ಹಚ್ಚಿದ ಅಭ್ಯಾಸ ಅದು. ಉಣುಗು ಪಾದದಲ್ಲಿ ನಿಲ್ಲುವುದಿಲ್ಲ, ಮೇಲಕ್ಕೆ ಹತ್ತುತ್ತದೆ. ಕಾಲಿಗೆ ಮಂಡಿಯ ಮೇಲಿನವರೆಗೆ, ಕೈಗೆ ಪೂರ್ತಿ, ಕುತ್ತಿಗೆಗೆ ಹಚ್ಚಬೇಕು. ಕಣ್ಣು, ಬಾಯಿ, ಗಾಯದ ಹತ್ತಿರ ಬೇಡ. ಬೆವರಿಗೆ ಹೋಗುತ್ತದೆ, ಮಧ್ಯಾಹ್ನ ಊಟ ಆದ ಮೇಲೆ ಇನ್ನೊಮ್ಮೆ ಹಚ್ಚಿ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಇರಲಿ. ಊಟ ಮಾಡಿ ಅಲ್ಲೇ ದರಗಿನ ಮೇಲೆ ಒರಗುವುದನ್ನು ಮಾತ್ರ ಬಿಡಲೇಬೇಕು.

ಇನ್ನೊಂದು ಮಾತು ಬೆಳೆಗಾರರಿಗೆ. ಕಾಫಿ ಕುಯ್ಲು ನಡೆಯುವ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲೇ ಮರಿ ಉಣುಗು ಜಾಸ್ತಿ. ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಬಂದ ಕೆಲಸದವರಿಗೆ ಈ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ. ಅವರು ಇರುವ ಲೈನ್ ಮನೆಗೆ ಎಣ್ಣೆ ಕೊಟ್ಟು ಬಂದರೆ ಆಗಲಿಲ್ಲ. ಬೆಳಿಗ್ಗೆ ಹಾಜರಿ ಹಾಕುವಾಗ ಮೇಸ್ತ್ರಿ ಎದುರೇ ಹಚ್ಚಿಸಿ. ಅವರಿಗೆ ಜ್ವರ ಬಂದಾಗ ಕೂಲಿ ಕತ್ತರಿಸಬೇಡಿ. ಕೂಲಿ ಹೋಗುತ್ತದೆ ಅನ್ನುವ ಭಯಕ್ಕೇ ಅವರು ಜ್ವರ ಮುಚ್ಚಿಡುತ್ತಾರೆ. ನನಗೆ ತುಂಬಾ ಸಂಕಟ ಆಗುವ ವಿಷಯ ಇದು.

ಪ್ರಶ್ನೆ (ಕಳಸ): ಮೊದಲೆಲ್ಲ ಇಂಜೆಕ್ಷನ್ ಕೊಡುತ್ತಿದ್ದಿರಿ. ನಾನೇ ತೋಳು ಊದಿಸಿಕೊಂಡು ಎರಡು ಸಲ ಹಾಕಿಸಿದ್ದೇನೆ. ಈಗ ಯಾಕಿಲ್ಲ?

ಉತ್ತರ: 1990ರಿಂದ ಕೊಡುತ್ತಿದ್ದ ಲಸಿಕೆ ಅದು. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್. ಅಷ್ಟು ನೋವು ತಿಂದರೂ ಅದು ಕೊಡುವ ರಕ್ಷಣೆ ಸಾಲದು ಅಂತ ಖಚಿತವಾದ ಮೇಲೆ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕಡೆಯಿಂದ ನಡೆಯುತ್ತಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ, ಇವತ್ತಿಗೂ ಇದಕ್ಕೇ ಅಂತ ಔಷಧಿ ಇಲ್ಲ. ಸದ್ಯಕ್ಕೆ ಎಣ್ಣೆ, ಬಿಸಿನೀರು, ಬೇಗ ರಕ್ತಪರೀಕ್ಷೆ, ಇಷ್ಟೇ ನಮ್ಮ ಕೈಯಲ್ಲಿರುವುದು.

ಪ್ರಶ್ನೆ (ಬಾಳೆಹೊನ್ನೂರು): ದನ ಬೆಟ್ಟಕ್ಕೆ ಬಿಡುತ್ತೇವೆ. ಹಾಲಿನಿಂದ ಬರುತ್ತಾ?

ಉತ್ತರ: ಹಾಲಿನ ಚಿಂತೆ ಬೇಡ ಅಕ್ಕ, ಕಾಯಿಸಿ ಕುಡಿಯಿರಿ. ಚಿಂತೆ ಇರುವುದು ದನದ ಮೈಮೇಲಿನ ಉಣುಗಿನದು. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಅದರ ರಕ್ತ ಕುಡಿದು ದೊಡ್ಡ ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ. ಪಶು ಆಸ್ಪತ್ರೆಯಲ್ಲಿ ಉಣುಗಿನ ಔಷಧಿ ಕೇಳಿ ಹಾಕಿಸಿ. ಕೊಟ್ಟಿಗೆಗೆ ಕಾಡಿನ ದರಗು ಹಾಸುವುದನ್ನು ಬೇಸಿಗೆ ಮುಗಿಯುವವರೆಗೆ ನಿಲ್ಲಿಸಿ, ಹುಲ್ಲು ಹಾಸಿ.

ಪ್ರಶ್ನೆ (ಕೊಪ್ಪ, ಹೆಸರು ಬೇಡ): ಸರ್, ನಮ್ಮ ಚಿಕ್ಕಪ್ಪನಿಗೆ ಮೂರು ದಿನದಿಂದ ಜ್ವರ, ತಲೆ ಒಡೆದುಹೋಗುವ ನೋವು, ಸೊಂಟ ಎತ್ತಲು ಆಗುತ್ತಿಲ್ಲ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ವೈರಲ್ ಅಂತ ಹೇಳಿ ನೋವಿನ ಮಾತ್ರೆ ಕೊಟ್ಟಿದ್ದಾರೆ. ಕಳೆದ ವಾರ ಸೌದೆಗೆ ಹೋಗಿದ್ದರು. ಅಕ್ಕಪಕ್ಕದವರು ಈಗಲೇ ನಮ್ಮ ಮನೆಗೆ ಬರುವುದು ನಿಲ್ಲಿಸಿದ್ದಾರೆ.

ಉತ್ತರ: ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗಾಡಿ ಇಲ್ಲದಿದ್ದರೆ 108. ಡಾಕ್ಟರ್ ಕೇಳಲಿ ಬಿಡಲಿ, ಮೊದಲ ಮಾತೇ "ಕಾಡಿಗೆ ಸೌದೆಗೆ ಹೋಗಿದ್ದರು" ಅಂತ ಇರಲಿ. ಅದೊಂದು ಮಾತು ಹೇಳದೆ ಡೆಂಗಿ, ಇಲಿಜ್ವರ, ವೈರಲ್ ಅಂತ ದಿನ ಕಳೆದದ್ದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ರಕ್ತದ ಮಾದರಿ ತೆಗೆದು ಕಳಿಸುತ್ತಾರೆ, ಅದಕ್ಕೆ ದುಡ್ಡಿಲ್ಲ. ಆ ನೋವಿನ ಮಾತ್ರೆ ನಿಲ್ಲಿಸಿ, ಚೀಟಿ ಮಾತ್ರ ಜೊತೆಗೆ ಒಯ್ಯಿರಿ. ಆಸ್ಪಿರಿನ್, ಐಬುಪ್ರೊಫೆನ್ ತರಹದ್ದು ರಕ್ತಸ್ರಾವ ಹೆಚ್ಚಿಸಬಹುದು. ಪ್ಯಾರಾಸಿಟಮಾಲ್, ಗಂಜಿ, ಎಳನೀರು ಕೊಡಿ. ಮೂಗು, ಒಸಡಿನಲ್ಲಿ ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯಬೇಡಿ.

ಅಕ್ಕಪಕ್ಕದವರಿಗೆ ಇದನ್ನೇ ತೋರಿಸಿ: ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹತ್ತಿರ ಕೂತು ಊಟ ಬಡಿಸಬಹುದು.

ಅದೇ ಮನೆಯವರು, ಎರಡು ದಿನದ ನಂತರ: ಸರ್, ಮಂಗನ ಕಾಯಿಲೆಯೇ ಅಂತ ಬಂತು. ಅಡ್ಮಿಟ್ ಮಾಡಿದ್ದಾರೆ. ಜ್ವರ ಇಳಿಯುತ್ತಿದೆ, ಇವತ್ತು ಗಂಜಿ ಕುಡಿದರು. ಪಕ್ಕದ ಮನೆಯ ಅತ್ತೆ ಬಂದು ನೋಡಿಕೊಂಡು ಹೋದರು.

ಉತ್ತರ: ಒಳ್ಳೆಯ ಸುದ್ದಿ. ಆದರೆ ಮನೆಗೆ ಬಂದ ಮೇಲೆ ಕೂಡಲೇ ತೋಟಕ್ಕೆ ಬಿಡಬೇಡಿ. ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮತ್ತೆ ಬರುತ್ತದೆ, ಆಗ ತಲೆನೋವು, ಕೈ ನಡುಕ, ಮಂಕು ಕಾಣಿಸಿಕೊಳ್ಳಬಹುದು. ಹಾಗಾದರೆ ಅದೇ ಆಸ್ಪತ್ರೆಗೆ ಅದೇ ಚೀಟಿ ಹಿಡಿದು ಹೋಗಿ. ಅವರು ಸೌದೆಗೆ ಹೋದ ಜಾಗ ಯಾವುದು ಅಂತ ನನಗೆ ತಿಳಿಸಿ, ನಾಳೆ ಬೆಳಿಗ್ಗೆ ಬಟ್ಟೆ ತೆಗೆದುಕೊಂಡು ಅಲ್ಲಿಗೇ ಬರುತ್ತೇವೆ.